ಕಬ್ಬು ಹೋದಮೇಲೆ ಕಾಡು

ನಮ್ಮ ಮೂಡಲಗಿ ಕಡೆ ಯಾವ ಕೆಲಸಕ್ಕೆ ತಾರೀಖು ಕೇಳಿದರೂ ಸಿಗುವ ಉತ್ತರ ಒಂದೇ: "ಕಬ್ಬ ಹೋಗ್ಲಿ, ಆಮ್ಯಾಲ ನೋಡೂಣು." ಮಗನ ಲಗ್ನ, ಮನೆಯ ಗಿಲಾವು, ಮೊಣಕಾಲಿನ ಆಪರೇಷನ್ನು, ಸೊಸೈಟಿಯ ಬಾಕಿ, ಎಲ್ಲವೂ ಕಬ್ಬಿನ ಹಿಂದೆ ಪಾಳಿ ಹಚ್ಚಿ ನಿಂತಿರುತ್ತವೆ. ಕಬ್ಬು ಯಾವಾಗ ಹೋಗುತ್ತದೆ ಎಂಬುದು ಮಾತ್ರ ಕಬ್ಬಿಗೂ ಗೊತ್ತಿಲ್ಲ, ಬೆಳೆದವನಿಗೂ ಗೊತ್ತಿಲ್ಲ. ಕಾರ್ಖಾನೆಯ ಫೀಲ್ಡ್‌ಮನ್ ಬಂದು ನಾಟಿಯ ತಾರೀಖು ಬರೆದುಕೊಂಡು ಹೋಗಿರುತ್ತಾನೆ. ಅದರ ಪ್ರಕಾರ ಪಾಳಿ ಬರಬೇಕು. ಪಾಳಿ ಬಂದರೆ ಕಡಿಯುವ ಗ್ಯಾಂಗು ಬರಬೇಕು. ಗ್ಯಾಂಗು ಬಂದರೆ ಟ್ರ್ಯಾಕ್ಟರು ಬರಬೇಕು. ಈ ಮೂರೂ ಕೂಡಿ ಬರುವ ಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ. 2025ರ ನವೆಂಬರಿನಲ್ಲಿ ದರಕ್ಕಾಗಿ ರೈತರು ನಮ್ಮ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕುಳಿತರಲ್ಲ, ಆಗ ಅವರ ಜೊತೆಗೆ ತಾಲ್ಲೂಕಿನ ಎಷ್ಟೋ ಲಗ್ನಪತ್ರಿಕೆಗಳೂ ಕುಳಿತವು.

ಇಂಥ ಪಾಳಿಯ ಕಟ್ಟಕಡೆಗೆ ನಾನೂ ಒಂದು ಕೆಲಸವನ್ನು ತಂದು ನಿಲ್ಲಿಸಿದ್ದೇನೆ: ಘಟ್ಟದ ಕಾಡುಗಳಲ್ಲಿ ಒಂದು ನಿಧಾನದ ಪ್ರವಾಸ. ಅವಸರ ಇಲ್ಲ, ಗಡಿಬಿಡಿ ಇಲ್ಲ, "ಇಳೀರಿ, ನೋಡ್ರಿ, ಹತ್ರಿ" ಎಂಬ ಗದ್ದಲ ಇಲ್ಲ. ಕೇಳಲಿಕ್ಕೆ ಎಷ್ಟು ಸರಳ!

ಇದರ ಬೀಜ ಬಿದ್ದದ್ದು ಅಮೆರಿಕದಲ್ಲಿ. ಮಗಳು, ಅಳಿಯ ಕೊಲರಾಡೋದ ಡೆನ್ವರಿನಲ್ಲಿದ್ದಾರೆ. ಅಲ್ಲಿಗೆ ಹತ್ತಿರದಲ್ಲೇ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ. ಅದರೊಳಗಿನ ಟ್ರೇಲ್ ರಿಜ್ ರಸ್ತೆ 3,713 ಮೀಟರ್ ಎತ್ತರಕ್ಕೆ ಏರುತ್ತದಂತೆ. ನಮ್ಮ ರಾಜ್ಯದ ನೆತ್ತಿ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಹೊರಿಸಿದರೆ ಆ ರಸ್ತೆಗೆ ಹೆಚ್ಚುಕಡಿಮೆ ಸರಿಹೋದೀತು. ಮಗಳು ವಿಡಿಯೊ ಕಾಲಿನಲ್ಲಿ ಹಿಮ ತೋರಿಸಿದಳು, ರಸ್ತೆಗೆ ಅಡ್ಡ ನಿಂತ ಕೋಡಿನ ಕಡವೆ ತೋರಿಸಿದಳು. "ಆರಾಮಾಗಿ ಹೋದಿವಿ ಅಪ್ಪಾ, ಎಲ್ಲಿ ಬೇಕಲ್ಲಿ ಗಾಡಿ ನಿಂದರ್ಸಿದಿವಿ" ಎಂದಳು. ಹಿಂದಿನಿಂದ ಅಳಿಯ ಬಾಯಿ ಹಾಕಿದ: ಬೇಸಿಗೆಯಲ್ಲಿ ಒಳಗೆ ಬಿಡುವುದಕ್ಕೆ ಎರಡು ತಾಸಿನ ಒಂದು ಅವಧಿ ಗೊತ್ತು ಮಾಡಿ ಕೊಡುತ್ತಾರೆ, ಅದನ್ನು ಮೊದಲೇ ಕಂಪ್ಯೂಟರಿನಲ್ಲಿ ಹಿಡಿದಿಟ್ಟುಕೊಳ್ಳಬೇಕು, ಆ ಅವಧಿ ದಾಟಿದರೆ ಗೇಟಿನಾಚೆಯೇ. "ಅಂದ್ರ ನಮ್ಮ ಕೆನಾಲಿನ ನೀರಿನ ಪಾಳಿ ಇದ್ದಾಂಗ" ಎಂದೆ. ಅಳಿಯ ಹುಕ್ಕೇರಿ ಕಡೆಯವನು, ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋದವನು. ಮತ್ತೇನೂ ಬಿಡಿಸಿ ಹೇಳಬೇಕಾಗಲಿಲ್ಲ.

ಹೈಸ್ಕೂಲಿನಲ್ಲಿ ಭೂಗೋಲ ಕಲಿಸಿ ನಿವೃತ್ತನಾದವನು ನಾನು. 1872ರ ಯೆಲ್ಲೊಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಎಂದು ಕಪ್ಪುಹಲಗೆಯ ಮೇಲೆ ಬರೆಸಿದ್ದೇನೆ. ಕರ್ನಾಟಕದ ಐದನ್ನು ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ ಎಂದು ರಾಗದಲ್ಲಿ ಬಾಯಿಪಾಠ ಮಾಡಿಸಿದ್ದೇನೆ. ಬನ್ನೇರುಘಟ್ಟವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಪಶ್ಚಿಮ ಘಟ್ಟದ ಮೈಮೇಲೆ, ಇಲ್ಲವೆ ಅದರ ಮಗ್ಗುಲಲ್ಲಿ. ನಕ್ಷೆಯ ಮೇಲೆ ಕೋಲು ಆಡಿಸುವಾಗ ಘಟ್ಟ ಬಹಳ ಸಣ್ಣದು. ಕೋಲಿನ ಒಂದೇ ಎಳೆತಕ್ಕೆ ಬೆಳಗಾವಿಯಿಂದ ಬಂಡೀಪುರ ಮುಟ್ಟಬಹುದು.

ಹೋಗಲಿಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಮನೆಯಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಮನೆಗೆ ಬಂದು ಹೋದವರ ಮನೆಗೆ ನಾವು ಒಮ್ಮೆಯಾದರೂ ಹೋಗಿ ಬರಬೇಕೆಂಬುದು ನಮ್ಮಲ್ಲಿ ರೂಢಿ. ಘಟ್ಟ ನಮ್ಮ ಮನೆಗೆ ಬರುತ್ತಲೇ ಇದೆ. ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್ ಜಲಾಶಯದಲ್ಲಿ 51 ಟಿ.ಎಂ.ಸಿ.ವರೆಗೆ ತುಂಬಿ, ಧುಪದಾಳದಲ್ಲಿ ಹಕ್ಕಿಗಳಿಗೆ ಜಾಗ ಕೊಟ್ಟು, ಅಲ್ಲಿಂದ ಒಂದು ಪಾಲು ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಧುಮುಕಿದರೆ, ಇನ್ನೊಂದು ಪಾಲು ಕಾಲುವೆ ಹಿಡಿದು ನಮ್ಮ ಕಬ್ಬಿನ ಬುಡಕ್ಕೆ ಬರುತ್ತದೆ. 2019ರ ಆಗಸ್ಟಿನಲ್ಲಿ ಅದು ಕಾಲುವೆಯ ದಾರಿಯನ್ನೂ ಕಾಯಲಿಲ್ಲ. ಗೋಕಾಕದ ಪೇಟೆಯೊಳಗೆ ನೇರ ಬಂತು, ಲೋಳಸೂರ ಸೇತುವೆಯ ಮೇಲೆ ಹರಿಯಿತು, ಹೊಳೆದಂಡೆಯ ಹಳ್ಳಿಗಳನ್ನು ಶಾಲೆ, ಸಮುದಾಯ ಭವನಗಳಿಗೆ ಕಳಿಸಿತು. ಮೂರು ವರ್ಷದ ಮೇಲೆ, 2022ರ ಆಗಸ್ಟಿನಲ್ಲಿ, ಒಂದು ಚಿರತೆ ಬೆಳಗಾವಿಯ ಗಾಲ್ಫ್ ಮೈದಾನಕ್ಕೆ ಬಂದು ವಾಸ್ತವ್ಯ ಹೂಡಿತು. ಬೋನು ಇಟ್ಟರು, ಡ್ರೋನ್ ಹಾರಿಸಿದರು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆ ತರಿಸಿದರು, ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಟ್ಟರು. ಚಿರತೆ ತನಗೆ ತಿಳಿದಷ್ಟು ದಿನ ಇದ್ದು, ತಿಳಿದಾಗ ಹೋಯಿತು. ಯಾರ ಕೈಗೂ ಸಿಗಲಿಲ್ಲ. ಬುಕಿಂಗ್ ಇಲ್ಲ, ಪಾಸ್ ಇಲ್ಲ, ಲಗೇಜಿಲ್ಲ. ನಿಧಾನದ ಪ್ರವಾಸ ಎಂದರೆ ಅದು ಎಂದು ನನಗೆ ಅನ್ನಿಸಿತ್ತು. ಶಾಲೆ ಮುಚ್ಚಿದ್ದಕ್ಕೆ ನನ್ನ ಮೊಮ್ಮಗನಿಗೆ ಅದಕ್ಕಿಂತ ಹೆಚ್ಚು ಅನ್ನಿಸಿತ್ತು.

ಮನೆಯಲ್ಲಿ ಮಾತು ತೆಗೆದಾಗ ಮೊದಲ ಆಕ್ಷೇಪ ಅತ್ತಿಯದು. ಅಪ್ಪನ ತಂಗಿ, ಎಂಬತ್ತರ ಆಸುಪಾಸು, ಮನೆಯ ಎಲ್ಲ ಠರಾವುಗಳಿಗೂ ಕೊನೆಯ ಸಹಿ ಅವಳದೇ. "ಅಡವಿ ನೋಡಾಕ ರೊಕ್ಕಾ ಕೊಡೂದಾ ತಮ್ಮಾ? ನಮ್ಮ ಕಬ್ಬಿನ ಪಡ ಏನ್ ಅಡವಿಗೆ ಕಡಿಮಿ ಐತಿ? ಹಂದಿ ಅದಾವು, ನರಿ ಅದಾವು, ಮೊನ್ನೆ ಹೆಬ್ಬಾವ ಬಂದಿತ್ತು. ಹೋಗಿ ಬದುವಿನ ಮ್ಯಾಲ ಕುಂಡ್ರು, ಪುಕ್ಕಟ." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ದಾರಿ ತೋರಿಸಿದಳು: "ಅಲ್ಲಿ ದೇವ್ರ ಯಾವ್ದೈತಿ?"

ನಮ್ಮ ಭಾಗದಲ್ಲಿ ದೇವರಿಲ್ಲದೆ ಗಾಡಿಯ ಗಾಲಿ ತಿರುಗುವುದಿಲ್ಲ. ಸವದತ್ತಿ ಎಲ್ಲಮ್ಮ, ಚಿಂಚಲಿ ಮಾಯಕ್ಕ, ಪಂಢರಪುರ, ಶ್ರೀಶೈಲ: ನಾವು ನೋಡಿದ ಗುಡ್ಡ, ಹೊಳೆ, ಊರುಗಳೆಲ್ಲ ಈ ಹೆಸರುಗಳ ದಾರಿಯಲ್ಲಿ ಸಿಕ್ಕವು. ದೇವರ ನೆಪದಲ್ಲಿ ದೇಶ ನೋಡುವುದು ಸರಿ. ಬರೇ ದೇಶ ನೋಡಲು ಹೊರಟರೆ ಅದು ದುಂದು. ಹಾಗಾಗಿ ನಾನು ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕಾಡಿನ ಹೆಸರು ಬರೆದು, ಬಲಕ್ಕೆ ದೇವರನ್ನು ಹುಡುಕತೊಡಗಿದೆ. ಹುಡುಕುವ ತೊಂದರೆಯೇ ಬೀಳಲಿಲ್ಲ. ಭೀಮಗಡ ಅಭಯಾರಣ್ಯದ ಮಗ್ಗುಲಿಗೆ, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಾವುಲಿ ದೇವಿ. ಅಣಶಿಯ ಮಗ್ಗುಲಿನ ಉಳವಿಯಲ್ಲಿ ಚನ್ನಬಸವಣ್ಣ. ಸೋಮೇಶ್ವರ ಅಭಯಾರಣ್ಯದಿಂದ ಆಗುಂಬೆ ಘಾಟು ಹತ್ತಿದರೆ ಶೃಂಗೇರಿ ಶಾರದೆ. ಕುದುರೆಮುಖಕ್ಕೆ ಕಳಸದ ಕಳಸೇಶ್ವರ ಮತ್ತು ಹೊರನಾಡಿನ ಅನ್ನಪೂರ್ಣೇಶ್ವರಿ, ಒಂದಕ್ಕೆ ಎರಡು. ನಾಗರಹೊಳೆಯ ಕೊಡಗಿನ ಅಂಚಿಗೆ ಇರ್ಪು ರಾಮೇಶ್ವರ. ಬಂಡೀಪುರದ ನೆತ್ತಿಯ ಮೇಲೆ, 1,454 ಮೀಟರ್ ಎತ್ತರದಲ್ಲಿ, ಹಿಮವದ್ ಗೋಪಾಲಸ್ವಾಮಿ. ಅರಣ್ಯ ಇಲಾಖೆಯವರೂ ನಮ್ಮ ಅತ್ತಿಯೂ ಎಂದೂ ಕೂಡಿ ಮೀಟಿಂಗ್ ಮಾಡಿದವರಲ್ಲ. ಆದರೂ ಎರಡೂ ಪಟ್ಟಿ ತಾಳೆಯಾದವು.

ಇದು ಕಾಕತಾಳೀಯ ಅಲ್ಲ ಎಂಬುದು ನನ್ನ ಎಣಿಕೆ. ಹೊಳೆ ಹುಟ್ಟುವಲ್ಲಿ ದೇವರು ಇರುತ್ತಾನೆ, ಹೊಳೆ ಹುಟ್ಟುವಲ್ಲೇ ಕಾಡೂ ಉಳಿದಿರುತ್ತದೆ. ಯಾರು ಯಾರನ್ನು ಕಾಯ್ದರು ಎಂಬ ಲೆಕ್ಕ ಈಗ ಹಿಡಿಯುವುದು ಕಷ್ಟ. ಮೈಸೂರಿನ ಮಹಾರಾಜರ ಕಾಲದಲ್ಲಿ, 1941ರಲ್ಲಿ, ಬಂಡೀಪುರದ ಕಾಡನ್ನು ಹಿಗ್ಗಿಸಿ ವನ್ಯಜೀವಿಗಳಿಗೆ ಮೀಸಲಿಟ್ಟಾಗ ಅದಕ್ಕೆ ಇಟ್ಟ ಹೆಸರೇ ವೇಣುಗೋಪಾಲ. ಗುಡ್ಡದ ಮೇಲೆ ಕೊಳಲು ಹಿಡಿದು ನಿಂತವನ ಹೆಸರಿಗೇ ಕಾಡಿನ ಉತಾರ! ಇದನ್ನು ಓದಿ ಹೇಳಿದ ಮೇಲೆ ಅತ್ತಿ ಪೂರ್ತಿ ಮೆತ್ತಗಾದಳು. ಆದರೆ ಅವಳ ಕಿವಿ ಅದಕ್ಕೂ ಮೊದಲೇ ಒಂದು ಹೆಸರಿಗೆ ನೆಟ್ಟಿತ್ತು.

"ಉಳವಿ ಅಂದೇನು? ಅದಕ್ಯಾಕ ಇಷ್ಟ ಬರಿಯೂದು? ನಮ್ಮಪ್ಪ ಚಕ್ಕಡಿ ಹೂಡಿ ಕರಕೊಂಡ ಹೋಗಿದ್ದಾ."

ನಾನು ಪೆನ್ನು ಕೆಳಗಿಟ್ಟೆ. ಮಗಳ ರಾಕಿ ಮೌಂಟನ್ನು, ಬೆಂಗಳೂರಿನ ಮಗ ಕಳಿಸಿದ ಪ್ರವಾಸದ ಎಕ್ಸೆಲ್ ಶೀಟು, ಎಲ್ಲಕ್ಕಿಂತ ಮೊದಲೇ ನಮ್ಮ ಮನೆಯಿಂದ ರಾಷ್ಟ್ರೀಯ ಉದ್ಯಾನಕ್ಕೆ ಒಂದು ರಸ್ತೆ ಪ್ರವಾಸ ಆಗಿಹೋಗಿತ್ತು. ಆಗ ಅದು ರಾಷ್ಟ್ರೀಯ ಉದ್ಯಾನವಾಗಿರಲಿಲ್ಲ, ಅಷ್ಟೆ.

ಉಳವಿ ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನೊಳಗಿನ ಸಣ್ಣ ಊರು. ಮಾಘದ ಭಾರತ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಜಾತ್ರೆ. ಬೆಳಗಾವಿ, ಧಾರವಾಡ ಸೀಮೆಯ ಬಯಲು ನಾಡಿನಿಂದ ಚಕ್ಕಡಿಗಳು ಸಾಲು ಹಿಡಿದು ಆ ಕಾಡಿಗೆ ಹೋಗುತ್ತವೆ. ಹೋಗುತ್ತಿದ್ದವು ಎಂದು ಬರೆಯಬೇಕಾಗಿಲ್ಲ, ಈಗಲೂ ಹೋಗುತ್ತವೆ. ನಡುನಡುವೆ ಟ್ರ್ಯಾಕ್ಟರು ಸೇರಿಕೊಂಡಿವೆ ಎಂಬುದೊಂದೇ ವ್ಯತ್ಯಾಸ. ಅತ್ತಿ ಹೋದಾಗ ಅವಳು ಪರಕಾರ ಉಡುವ ಹುಡುಗಿ. ಬೈಲಹೊಂಗಲ, ಅಳ್ನಾವರ, ಹಳಿಯಾಳ, ದಾಂಡೇಲಿ ಎಂದು ಅವಳು ಊರುಗಳನ್ನು ಹೇಳುವುದು ಮುಕ್ಕಾಮಿನ ಲೆಕ್ಕದಲ್ಲಿ. ಎಲ್ಲಿ ಎತ್ತಿಗೆ ನೀರು ಚಲೋ ಇತ್ತು, ಎಲ್ಲಿ ಯಾರ ಮನೆಯವರು ಮಜ್ಜಿಗೆ ಕೊಟ್ಟರು, ಎಲ್ಲಿ ಗಾಲಿಯ ಹಳಿ ಸಡಿಲಾಯಿತು ಎಂಬುದರ ಮೇಲೆ ಅವಳ ನಕ್ಷೆ ನಿಂತಿದೆ. ಚಕ್ಕಡಿಗೆ ಬಿದಿರಿನ ಕೊಲ್ಲಾರಿ ಕಟ್ಟಿ, ಮೇಲೆ ಜಮಖಾನೆ ಹೊದಿಸಿ, ಕೆಳಗೆ ಕಣಿಕೆಯ ಮೆತ್ತೆ. ಎತ್ತಿನ ಬೆನ್ನಿಗೆ ಝೂಲ, ಕೋಡಿಗೆ ಕೋಡಣಸು, ಕೊರಳಿಗೆ ಗೆಜ್ಜೆಸರ. ಅಚ್ಚಿಗೆ ತೂಗುಬಿಟ್ಟ ಎಣ್ಣೆಯ ಕೊಳವಿ, ಅದರಲ್ಲಿ ಕೀಲೆಣ್ಣೆ. ಬೆಳಗಿನ ಜಾವಕ್ಕೆ ಹೂಡುವುದು, ಬಿಸಿಲೇರಿದರೆ ಹಳ್ಳದ ದಂಡೆಗೆ ಕೊಳ್ಳು ಹರಿಯುವುದು, ಮೂರು ಕಲ್ಲು ಹೂಡಿ ಬೇಳೆ ಬೇಯಿಸುವುದು, ಎತ್ತು ಮೆಲುಕು ಹಾಕಿ ಮುಗಿಸಿದ ಮೇಲೆ ಮುಂದಿನ ಮಾತು.

ಎತ್ತಿನ ಮೆಲುಕು ಮುಗಿಯದೆ ಹೊರಡುವಂತಿಲ್ಲ! ಈ ಒಂದು ನಿಯಮ ಮಗನ ಎಕ್ಸೆಲ್ ಶೀಟಿನ ಯಾವ ಕಾಲಮ್ಮಿನಲ್ಲೂ ಕೂಡುವುದಿಲ್ಲ.

"ಹುಲಿ ಬರ್ತಿದ್ದಿಲ್ಲೇನ ಅತ್ತಿ?" ಎಂದು ನನ್ನ ಹೆಂಡತಿ ಕೇಳಿದಳು. ರಾತ್ರಿ ಕಾಡಿನೊಳಗೆ ಚಕ್ಕಡಿಗಳನ್ನು ಸುತ್ತುಗಟ್ಟಿ ನಿಲ್ಲಿಸುತ್ತಿದ್ದರಂತೆ. ನಡುವೆ ಎತ್ತು, ಮಂದಿ, ಬೆಂಕಿ, ರಾತ್ರಿಯಿಡೀ ಭಜನೆ. "ಬರ್ತಿತ್ತೇನೋ ಯವ್ವಾ. ನಮ್ಮ ಕಾಕಾನ ದನಿ ಕೇಳಿ ಹೊಳ್ಳಿ ಹೋಗ್ತಿತ್ತು."

ಅದೇ ಕಾಡು 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು, ಅದರ ಒಂದು ತುಂಡು 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ಎರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾದವು, 2015ರ ಡಿಸೆಂಬರಿನಲ್ಲಿ ಕಾಳಿ ಎಂಬ ಹೆಸರು ಬಂತು. ಅತ್ತಿಗೆ ಈ ಯಾವ ಗೆಜೆಟ್ಟೂ ಮುಟ್ಟಿಲ್ಲ. ಅವಳಿಗೆ ಅದು ಉಳವಿ ಅಡವಿ. ಅಲ್ಲಿನ ಕಪ್ಪು ಚಿರತೆ, ಮಂಗಟ್ಟೆ ಹಕ್ಕಿಗಳ ಬಗ್ಗೆ ನಾನು ಹೇಳಿದರೆ, ಅವಳು ಆಕಳ ಗವಿ, ಮಹಾಮನೆ ಗವಿಗಳ ಬಗ್ಗೆ ಹೇಳುತ್ತಾಳೆ. 12ನೆಯ ಶತಮಾನದಲ್ಲಿ ಕಲ್ಯಾಣ ಕೆಟ್ಟು, ಚನ್ನಬಸವಣ್ಣನ ಜೊತೆ ಶರಣರು ವಚನದ ಕಟ್ಟು ಹೊತ್ತು ಇದೇ ದಿಕ್ಕಿಗೆ ಬಂದರು. ಬೆನ್ನ ಹಿಂದೆ ಸೈನ್ಯವಿದ್ದದ್ದರಿಂದ ಅವರದನ್ನು ನಿಧಾನದ ಪ್ರವಾಸ ಎನ್ನಲಾಗದು. ಆದರೆ ಅವರು ಕಾಡನ್ನೇ ಯಾಕೆ ಆರಿಸಿದರು ಎಂದು ಕೇಳಿದರೆ, ಬೆಳಗಾವಿಯ ಆ ಚಿರತೆಗೆ ಅರ್ಥವಾದೀತು. ಗಿಡಮರದ ನಡುವೆ ಅಡಗಿದವರನ್ನು ಸರಕಾರ ಹುಡುಕುವುದು ಎಂದಿಗೂ ಕಷ್ಟ.

ಈಗ ಮಗನ ಶೀಟಿಗೆ ಬರುತ್ತೇನೆ. ಅದರಲ್ಲಿ ಹಸಿರು ಬಣ್ಣ ಹಚ್ಚಿದ ಒಂದು ಪಟ್ಟಿಯಿದೆ, ಅದರ ಮೇಲೆ "ಫ್ರೀ ಟೈಮ್, 4.30ರಿಂದ 5.15". ಮಗನನ್ನು ದೂರಿ ಪ್ರಯೋಜನವಿಲ್ಲ. ಅವನು ಕಾಡಿನ ವೇಳಾಪಟ್ಟಿಯನ್ನೇ ಇಳಿಸಿದ್ದಾನೆ. ಸಫಾರಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ತಪ್ಪಿದರೆ ತಪ್ಪಿತು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಗಾಡಿ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರಕಾರಿ ಬಸ್ಸು ಹತ್ತಬೇಕು. ಕುದುರೆಮುಖದ ಶಿಖರ ಹತ್ತಬೇಕಾದರೆ ಮೊದಲೇ ಆನ್‌ಲೈನಿನಲ್ಲಿ ಹೆಸರು ಬರೆಸಬೇಕು.

ಕುದುರೆಮುಖದ ಚೀಟಿಯ ಸುದ್ದಿಯಂತೂ ನನಗೆ ಬಹಳ ಸೇರಿತು. ಕಾರ್ಕಳದಿಂದ ಬಜಗೋಳಿ ದಾಟಿ ಘಾಟು ಹತ್ತುವಾಗ ನಾಕೆಯಲ್ಲಿ ಗಾಡಿ ನಂಬರು, ಒಳಗೆ ಹೊಕ್ಕ ವೇಳೆ ಬರೆದು ಕೈಗೆ ಒಂದು ಚೀಟಿ ಕೊಡುತ್ತಾರೆ. ಗೊತ್ತುಪಡಿಸಿದ ಹೊತ್ತಿನೊಳಗೆ ಆ ತುದಿಯ ನಾಕೆಯಲ್ಲಿ ಆ ಚೀಟಿ ತಿರುಗಿ ಕೊಡಬೇಕು. ತಡವಾದರೆ ಎಲ್ಲಿ ನಿಂತಿದ್ದಿರಿ, ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ, ದಂಡ. ಅಲ್ಲಿ ರಸ್ತೆಯ ಒಂದು ಜಾಗಕ್ಕೆ ಎಸ್.ಕೆ. ಬಾರ್ಡರ್ ಎಂದೇ ಹೆಸರು. ಸೌತ್ ಕೆನರಾ ಜಿಲ್ಲೆ ಹೋಗಿ ದಕ್ಷಿಣ ಕನ್ನಡವಾಗಿ, ಅದೂ ಒಡೆದು ಉಡುಪಿಯಾದರೂ ಬಾರ್ಡರು ಮಾತ್ರ ಹಳೇ ಹೆಸರು ಬಿಟ್ಟಿಲ್ಲ. ಪರೀಕ್ಷೆಯ ಹಾಲಿನಲ್ಲಿ ಹೊತ್ತು ನೋಡಿ ಪೇಪರು ಕಸಿದುಕೊಂಡು ಬದುಕಿದ ಮಾಸ್ತರನಿಗೆ ಈ ಚೀಟಿ ನ್ಯಾಯವೇ ಅನ್ನಿಸಿತು. ನಿಲ್ಲಲು ಬಿಟ್ಟರೆ ನಾವು ಏನು ಮಾಡುತ್ತೇವೆ ಎಂಬುದು ಗೋಕಾಕ ಫಾಲ್ಸಿನ ಬಂಡೆಗಳ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಹೆಸರುಗಳನ್ನು ನೋಡಿದವರಿಗೆ ಗೊತ್ತು.

ಆದರೆ ಇದೇ ಗುಡ್ಡದಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ವರ್ಷಗಟ್ಟಲೆ ನಿಂತಿತ್ತು, ಅದಕ್ಕೆ ಚೀಟಿ ಇರಲಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದ ಮೇಲೂ ಅಗೆತ ನಡೆದೇ ಇತ್ತು. ಗುಡ್ಡವನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನಲ್ಲಿ ಕೂತಿದೆ. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಆ ಉದ್ಯಾನದೊಳಗೇ ಇದೆ. ನನಗೆ ಹುಲಿಗಿಂತ ಹೆಚ್ಚು ನೋಡಬೇಕಾಗಿರುವುದು ಗಣಿ ನಿಂತ ಮೇಲೆ ಆ ಗುಡ್ಡಕ್ಕೆ ಹುಲ್ಲು ಹೇಗೆ ಬಂದಿದೆ ಎಂಬುದನ್ನು. ಹೀಗೆಂದರೆ ಮನೆಯಲ್ಲಿ ಯಾರೂ ಗಾಡಿ ಹತ್ತುವುದಿಲ್ಲ, ಅದಕ್ಕೇ "ಹೊರನಾಡಿನ್ಯಾಗ ಎಷ್ಟ ಮಂದಿ ಬಂದ್ರೂ ಊಟಾ ಹಾಕತಾರ" ಎಂದಷ್ಟೇ ಹೇ‍ಳಿದ್ದೇನೆ. ಆ ಸಾಲು ಸರ್ವಾನುಮತದಿಂದ ಪಾಸಾಯಿತು.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಘಟ್ಟ ಚೆಂದ, ಆದರೆ ಅಣಶಿ ಘಾಟಿನಲ್ಲಿ ಗುಡ್ಡ ಕುಸಿಯುವ ಕಾಲವೂ ಅದೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಗೋಕಾಕ ಸೀಮೆಗೆ ಅದರ ಹತ್ತನೆಯ ಒಂದು ಪಾಲೂ ಬೀಳುವುದಿಲ್ಲ. ಜೊತೆಗೆ ಇಂಬಳ. ಹೀಗೊಂದು ಹುಳವಿದೆ, ಕಾಲಿಗೆ ಹತ್ತಿದ್ದು ಗೊತ್ತಾಗುವುದಿಲ್ಲ, ರಕ್ತ ಹೀರಿ ತಾನೇ ಉದುರುತ್ತದೆ ಎಂದು ನಾನು ಭೂಗೋಲದ ಉತ್ಸಾಹದಲ್ಲಿ ವರ್ಣಿಸಿದ್ದರಿಂದ ಹೆಂಡತಿ ಜೂನ್‌ನಿಂದ ಅಕ್ಟೋಬರಿನವರೆಗಿನ ಪುಟಗಳನ್ನು ಕ್ಯಾಲೆಂಡರಿನಿಂದ ತೆಗೆದೇಬಿಟ್ಟಳು. ಬೇಸಿಗೆಯಲ್ಲಿ ಕಾಡು ಒಣಗಿರುತ್ತದೆ, ಬೆಂಕಿಯ ಭಯ. ಉಳಿದದ್ದು ಚಳಿಗಾಲ. ಚಳಿಗಾಲದಲ್ಲಿ ಕಬ್ಬು ನಿಂತಿರುತ್ತದೆ. ಹೂ ಬಿಟ್ಟರೆ ತೂಕ ಇಳಿಯುತ್ತದೆ, ಬಿಟ್ಟು ಹೋಗುವಂತಿಲ್ಲ. ಹಾಗೆ ನೋಡಿದರೆ ಅಜ್ಜನ ಲೆಕ್ಕವೇ ಸರಿಯಿತ್ತು: ಸುಗ್ಗಿ ಮುಗಿಯಬೇಕು, ಎತ್ತಿಗೆ ಬಿಡುವಾಗಬೇಕು, ಹುಣ್ಣಿಮೆ ಬರಬೇಕು. ಅಜ್ಜನ ಹೊಲದಲ್ಲಿ ಜೋಳವಿತ್ತು. ಜೋಳಕ್ಕೆ ಫೀಲ್ಡ್‌ಮನ್ ಇರಲಿಲ್ಲ.

ಗಾಡಿಯ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಒಂದೇ ಉತ್ತರ: ಕ್ರೂಸರ್. ಕಾರಿನಲ್ಲಿ ಐದು ಮಂದಿ ಹಿಡಿಸುತ್ತಾರೆ, ಐದು ಮಂದಿ ಹೋದರೆ ಅದು ಪ್ರವಾಸವಲ್ಲ, ದವಾಖಾನೆಗೆ ಹೋಗುವುದು. ಕ್ರೂಸರಿನ ಡ್ರೈವರು ನನ್ನ ಹಳೇ ವಿದ್ಯಾರ್ಥಿ. ನಕ್ಷೆಯಲ್ಲಿ ಕಾವೇರಿಯನ್ನು ಪಶ್ಚಿಮಕ್ಕೆ ಹರಿಸಿದವನು, ಈಗ ಕೇರಳದವರೆಗೂ ರಸ್ತೆ ಬಾಯಲ್ಲಿ ಹೇಳುತ್ತಾನೆ. ಅವನ ಯೋಜನೆ ಸರಳ: "ಸರ, ಸಂಜೀಕ ಹೊಂಟಬಿಡೂಣು. ರಾತ್ರಿ ಎಲ್ಲಾ ಹೊಡದ್ರ ಬೆಳಗಾಗೂದ್ರಾಗ ಬಂಡೀಪುರ. ಲಾಡ್ಜಿನ ರೊಕ್ಕಾ ಉಳೀತು." ನಮ್ಮವರ ಪ್ರವಾಸವೆಲ್ಲ ಹೀಗೆಯೇ, ರಾತ್ರಿ ನಿದ್ದೆಗೆಟ್ಟು ಓಡುವುದು, ಹಗಲು ಸಿಕ್ಕಲ್ಲಿ ತೂಕಡಿಸುವುದು. ನಿಧಾನಕ್ಕೆ ಹೋಗೋಣ, ಹಗಲಷ್ಟೇ ಓಡಿಸು, ಮಧ್ಯಾಹ್ನ ಗಿಡದ ಕೆಳಗೆ ಎರಡು ತಾಸು ನಿಲ್ಲೋಣ ಎಂದೆ. ಅವನು ತಲೆ ಕೆರೆದುಕೊಂಡ. "ನಿಂತ್ರೂ ದಿನದ ಬಾಡಿಗಿ ಓಡ್ತೈತಲ್ರಿ ಸರ. ನಿಮ್ಮ ಈ ನಿಧಾನ ಭಾಳ ತುಟ್ಟಿ ಬೀಳ್ತೈತಿ." ಎತ್ತು ನಿಂತರೆ ಮೇವು ಮಾತ್ರ ತಿನ್ನುತ್ತಿತ್ತು, ಕ್ರೂಸರು ನಿಂತರೆ ಕಂತು ತಿನ್ನುತ್ತದೆ. ಅವನದೂ ತಪ್ಪಲ್ಲ.

ಬಾಡಿಗೆಯ ಲೆಕ್ಕ ಬಂದ ಮೇಲೆ ನೋಟ್‌ಬುಕ್ಕಿಗೆ ಕೆಂಪು ಪೆನ್ನು ಬಿತ್ತು. ಬಂಡೀಪುರ ಇಲ್ಲಿಂದ ಆರು ನೂರು ಕಿಲೋಮೀಟರಿನ ಆಸುಪಾಸು, ಹೊಡೆದೆ. ನಾಗರಹೊಳೆ ಅದರ ಹಿಂದೆಯೇ ಹೋಯಿತು. ವೇಣುಗೋಪಾಲ ಇನ್ನೊಂದು ವರ್ಷ ಕಾಯಲಿ. ಉಳಿದ ದಾರಿ ಇಷ್ಟು: ಬೆಳಗಾವಿ, ಖಾನಾಪುರ, ರಾಮನಗರದ ಮೇಲೆ ಜೊಯಿಡಾ, ಉಳವಿ, ಅಣಶಿ ಘಾಟು ಇಳಿದು ಕದ್ರಾ, ಕಾರವಾರ, ಸಮುದ್ರದ ದಂಡೆ ಹಿಡಿದು ಉಡುಪಿ, ಕಾರ್ಕಳ, ಮತ್ತೆ ಘಾಟು ಹತ್ತಿ ಕುದುರೆಮುಖ, ಕಳಸ, ಹೊರನಾಡು. ಸಮುದ್ರ ಪಟ್ಟಿಯಲ್ಲಿ ಇರಲಿಲ್ಲ, ತಾನಾಗಿ ನಡುವೆ ಬಂತು. ಹೆಂಡತಿಗೆ ಈಗ ಕಾಡಿಗಿಂತ ಅದರ ಮೇಲೆಯೇ ಹೆಚ್ಚು ಮನಸ್ಸು.

ಅತ್ತಿ ಮಾತ್ರ ತಯಾರಿ ಶುರು ಮಾಡಿಬಿಟ್ಟಿದ್ದಾಳೆ. ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಒಲೆಯ ಕಾವಿಗೆ ಆನಿಸಿ ಕಡಕ್ ಮಾಡಿ, ಒಂದರ ಮೇಲೊಂದು ಒಟ್ಟಿ, ಬಿಳಿ ಅರಿವೆಯಲ್ಲಿ ನಾಲ್ಕು ಮೂಲೆ ಎಳೆದು ಗಂಟು ಹಾಕುತ್ತಾಳೆ. ಗಂಟು ಬಿಗಿಯಾದರೆ ರೊಟ್ಟಿ ಮುರಿಯುತ್ತದೆ, ಸಡಿಲಾದರೆ ಹಾದಿಯಲ್ಲಿ ಅಲುಗಾಡಿ ನುಚ್ಚಾಗುತ್ತದೆ. ಆ ನಡುವಿನ ಹದ ಅವಳ ಬೆರಳಿಗಷ್ಟೇ ಗೊತ್ತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ, ಗೋಕಾಕದ ಕರದಂಟು. ಸೊಸೆಯಂದಿರು ಚಟ್ನಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಲು ಹೋದರು. ಕಾಡಿನ ನಾಕೆಯಲ್ಲಿ ಪ್ಲಾಸ್ಟಿಕ್ ಹಿಡಿಯುತ್ತಾರೆ ಎಂದೆ. ಅತ್ತಿ ಅಟ್ಟದಿಂದ ಹಿತ್ತಾಳೆಯ ಡಬ್ಬಿ ಇಳಿಸಿದಳು. ಉಳವಿಗೆ ಹೋಗಿ ಬಂದ ಡಬ್ಬಿಯೇ ಅದು ಎಂದು ಅವಳ ವಾದ. ಮುಚ್ಚಳ ತೆಗೆಯಲು ಡ್ರೈವರನ್ನೇ ಕರೆಯಬೇಕಾಯಿತು.

ತಾರೀಖು? ಗ್ಯಾಂಗಿನ ಮುಕಾದಮ ಮುಂದಿನ ವಾರ ಎಂದಿದ್ದಾನೆ. ಹೋದ ವಾರವೂ ಅದನ್ನೇ ಎಂದಿದ್ದ. ಬೀಡ ಜಿಲ್ಲೆಯಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಪಾತ್ರೆ ಪಗಡೆ ಹೇರಿಕೊಂಡು ಬಂದವನು. ಕ್ರೂಸರು ಯಾಕೆ ಬಂದಿದೆ ಎಂದು ಕೇಳಿದ. ಊರೂರು ತಿರುಗಲು ಹೊರಟಿದ್ದೇವೆ ಎಂದರೆ ಅವನಿಗೆ ಹೇಗೆ ಕೇಳಿಸೀತು ಎಂದು ಹೊಳೆದು, ದೇವರಿಗೆ ಎಂದೆ. ಅವನು ಕೈ ಮುಗಿದ.

ನಿನ್ನೆ ಒಂದು ಹೊಸ ತಕರಾರು ಎದ್ದಿದೆ. ಉಳವಿಯ ದಾಸೋಹಕ್ಕೆ ಬರಿಗೈಲಿ ಹೋಗಬಾರದು ಎಂದು ಅತ್ತಿ ಒಂದು ಚೀಲ ಜೋಳ ಹೊಲಿಸಿ ಪಡಸಾಲೆಯಲ್ಲಿ ನಿಲ್ಲಿಸಿದ್ದಾಳೆ. ಒಳಗೆ ಮಂದಿ ತುಂಬಿರುವುದರಿಂದ ಅದು ಗಾಡಿಯ ಮೇಲೆ ಕ್ಯಾರಿಯರಿಗೇ ಹೋಗಬೇಕು. ಡ್ರೈವರು ಚೀಲವನ್ನು ಎತ್ತಿ ನೋಡಿ, "ಆಯಿ, ಅಡವ್ಯಾಗ ನಾಕಾದವರು ಇಳಿಸಿ ನೋಡ್ತಾರ, ಏನ್ ಒಯ್ಯಾಕತ್ತೀರಿ ಅಂತ ಕೇಳ್ತಾರ" ಎಂದ.

"ಕೇಳ್ಲಿ ಬಿಡು. ಅವರೂ ಮನಿ ಬಿಟ್ಟ ಬಂದ ಮಂದಿ. ಎರಡ ಸೇರ ಅವ್ರಿಗೂ ಅಳದ ಕೊಡೂಣು" ಎಂದು ಅತ್ತಿ ಚೀಲದ ಬಾಯಿಯನ್ನು ಮತ್ತೆ ಬಿಚ್ಚಿಸಿ, ಒಳಗೊಂದು ಸೇರು ಇಡಿಸಿದಳು.